ಆ ಲೋಕದಲ್ಲಿ ಬೇಡಿದ ವರ

ಜಪಾನಿನ ಮಕ್ಕಳೆಲ್ಲರೂ ಬಲ್ಲ ಒಂದು ಹಳೆಯ ಕತೆಯಿದೆ. ಉರಾಶಿಮಾ ತಾರೋ ಎಂಬ ಬೆಸ್ತ, ತುಂಟ ಹುಡುಗರ ಕೈಗೆ ಸಿಕ್ಕಿ ನರಳುತ್ತಿದ್ದ ಆಮೆಯೊಂದನ್ನು ಬಿಡಿಸುತ್ತಾನೆ. ಕೃತಜ್ಞತೆಯಿಂದ ಆಮೆ ಅವನನ್ನು ಬೆನ್ನಮೇಲೆ ಹೊತ್ತು ಕಡಲ ತಳದ ಅರಮನೆಗೆ ಕರೆದೊಯ್ಯುತ್ತದೆ. ಅಲ್ಲಿ ರಾಜಕುಮಾರಿಯ ಸತ್ಕಾರ, ಹಾಡು, ಹಬ್ಬ. ದುಃಖವೆಂಬುದರ ಸುಳಿವೇ ಇಲ್ಲ. ಆದರೂ ಕೆಲವು ಕಾಲ ಕಳೆದಮೇಲೆ ಅವನಿಗೆ ತಂದೆತಾಯಿಯರ ನೆನಪು ಕಾಡುತ್ತದೆ. ಊರಿಗೆ ಹೋಗುತ್ತೇನೆಂದು ಹಟ ಹಿಡಿಯುತ್ತಾನೆ. ರಾಜಕುಮಾರಿ ಮುಚ್ಚಿದ ಪೆಟ್ಟಿಗೆಯೊಂದನ್ನು ಕೊಟ್ಟು, ಇದನ್ನು ತೆರೆಯಬೇಡವೆಂದು ಹೇಳಿ ಕಳಿಸುತ್ತಾಳೆ. ದಡಕ್ಕೆ ಬಂದು ನೋಡಿದರೆ ಊರಿನಲ್ಲಿ ಮುನ್ನೂರು ವರ್ಷ ಕಳೆದುಹೋಗಿದೆ. ಅವನನ್ನು ಬಲ್ಲವರು ಒಬ್ಬರೂ ಉಳಿದಿಲ್ಲ. ದಿಕ್ಕು ತೋಚದೆ ಪೆಟ್ಟಿಗೆಯನ್ನು ತೆರೆಯುತ್ತಾನೆ. ಬಿಳಿಯ ಹೊಗೆ ಏಳುತ್ತದೆ. ಬೆಸ್ತ ಮುಪ್ಪಿನ ಮುದುಕನಾಗುತ್ತಾನೆ. ಕ್ರಿ.ಶ. 720ರಲ್ಲಿ ಸಿದ್ಧವಾದ ‘ನಿಹೊನ್ ಶೋಕಿ’ ಎಂಬ ಇತಿಹಾಸಗ್ರಂಥದಲ್ಲಿಯೇ ಈ ಕತೆಯ ಹಳೆಯ ರೂಪವೊಂದು ಸಿಗುತ್ತದೆ.

ಈ ಕತೆಯನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಇಂದು ನಾನು ಮಾತನಾಡಬೇಕೆಂದಿರುವುದು ಜಪಾನಿನಲ್ಲಿ ಈಚೆಗೆ ಹುಲುಸಾಗಿ ಬೆಳೆದಿರುವ ಒಂದು ಬಗೆಯ ಕಥನವನ್ನು ಕುರಿತು. ಅದರ ಹೆಸರು ‘ಇಸೆಕಾಯ್’. ಎಂದರೆ ಬೇರೆ ಲೋಕ. ನಮ್ಮ ಈ ಲೋಕದ ಒಬ್ಬ ಸಾಮಾನ್ಯ ಮನುಷ್ಯ ಇದ್ದಕ್ಕಿದ್ದಂತೆ ಸಾಯುತ್ತಾನೆ, ಅಥವಾ ಯಾರದೋ ಮಂತ್ರಕ್ಕೆ ಓಗೊಟ್ಟು ಇಲ್ಲಿಂದ ಮಾಯವಾಗುತ್ತಾನೆ. ಕಣ್ಣು ತೆರೆದಾಗ ಅವನು ಇನ್ನೊಂದು ಲೋಕದಲ್ಲಿರುತ್ತಾನೆ. ಅಲ್ಲಿ ಕೋಟೆ ಕೊತ್ತಲಗಳಿವೆ, ಮಂತ್ರವಿದೆ, ವಿಚಿತ್ರ ಪ್ರಾಣಿಗಳಿವೆ; ಇಲ್ಲಿ ಅವನಿಗೆ ಇಲ್ಲದಿದ್ದ ಶಕ್ತಿಯೊಂದು ಅಲ್ಲಿ ದೊರಕುತ್ತದೆ. ಇಂಥ ಕತೆಗಳಲ್ಲಿ ಹಲವು ಮೊದಲು ಕಾಣಿಸಿಕೊಂಡದ್ದು 2004ರಲ್ಲಿ ಆರಂಭವಾದ ‘ಶೋಸೆತ್ಸುಕಾ ನಿ ನರೋ’ ಎಂಬ ಅಂತರಜಾಲ ತಾಣದಲ್ಲಿ. ‘ಕಾದಂಬರಿಕಾರರಾಗೋಣ’ ಎಂಬುದು ಆ ಹೆಸರಿನ ಅರ್ಥ. ಹವ್ಯಾಸಿಗಳು ಕಂತುಕಂತಾಗಿ ಅಲ್ಲಿ ಬರೆದದ್ದು ಓದುಗರ ಮೆಚ್ಚುಗೆ ಗಳಿಸಿದರೆ ಪುಸ್ತಕವಾಗುತ್ತದೆ. ಪುಸ್ತಕ ನಡೆದರೆ ಮಾಂಗಾ ಆಗುತ್ತದೆ. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಬಲದಿಂದ ಎಡಕ್ಕೆ ಓದುವಂಥದು. ಬಹುಮಟ್ಟಿಗೆ ಕಪ್ಪು ಬಿಳುಪಿನದು. ಮಕ್ಕಳಷ್ಟೇ ಆಸಕ್ತಿಯಿಂದ ದೊಡ್ಡವರೂ ಓದುವಂಥದು.

ಬೇರೆ ಲೋಕಕ್ಕೆ ಹೋಗುವ ಕತೆ ಜಪಾನಿನ ಮಾಂಗಾಕ್ಕೆ ಹೊಸದೇನಲ್ಲ. 1990ರ ದಶಕದ ಆರಂಭದಲ್ಲಿ ಬಂದ ವತಾಸೆ ಯೂ ಅವರ ‘ಫುಶಿಗಿ ಯೂಗಿ’ಯಲ್ಲಿ ಶಾಲೆಯ ಹುಡುಗಿಯೊಬ್ಬಳು ಗ್ರಂಥಾಲಯದ ಹಳೆಯ ಪುಸ್ತಕವೊಂದರೊಳಕ್ಕೆ ಹೊಕ್ಕುಬಿಡುತ್ತಾಳೆ. ಆಮೇಲೆ ಬಂದ ‘ಮ್ಯಾಜಿಕ್ ನೈಟ್ ರೇಅರ್ಥ್’ನಲ್ಲಿ ಟೋಕಿಯೋ ಗೋಪುರವನ್ನು ನೋಡಲು ಹೋದ ಮೂವರು ಹುಡುಗಿಯರು ಬೇರೆ ಲೋಕಕ್ಕೆ ಸೆಳೆಯಲ್ಪಡುತ್ತಾರೆ. 2001ರ ಮಿಯಾಜಾಕಿ ಹಯಾವೊ ಅವರ ಪ್ರಸಿದ್ಧ ಚಲನಚಿತ್ರ ‘ಸ್ಪಿರಿಟೆಡ್ ಅವೇ’ಯ ಬಾಲಕಿ ಚಿಹಿರೊ ಸುರಂಗವೊಂದನ್ನು ದಾಟಿ ದೇವತೆಗಳ ಸ್ನಾನಗೃಹವನ್ನು ಸೇರುತ್ತಾಳೆ. ಆದರೆ ಇವರೆಲ್ಲರೂ ಉರಾಶಿಮಾನ ವಂಶದವರು, ಮನೆಗೆ ಮರಳುತ್ತಾರೆ. ಹೋಗಿ ಬಂದದ್ದರಿಂದ ಒಂದಿಷ್ಟು ಬೆಳೆದಿರುತ್ತಾರೆ. ಈಚಿನ ಇಸೆಕಾಯ್ ನಾಯಕ ಸಾಮಾನ್ಯವಾಗಿ ಮರಳುವುದಿಲ್ಲ. ಎಷ್ಟೋ ಕತೆಗಳಲ್ಲಿ ಅವನು ಮೊದಲ ಪುಟಗಳಲ್ಲಿಯೇ ಸತ್ತಿರುತ್ತಾನೆ. ಮರಳುವ ಬಾಗಿಲನ್ನು ಲೇಖಕ ತಾನೇ ಮುಚ್ಚಿದ್ದಾನೆ. ಓದುಗ ಅದಕ್ಕಾಗಿ ಕೊರಗುವುದೂ ಇಲ್ಲ. ಈ ಬದಲಾವಣೆ ನನ್ನನ್ನು ಯೋಚನೆಗೆ ಹಚ್ಚಿತು.

ನನ್ನ ಮೊದಲ ಅಭಿಪ್ರಾಯ ಕಠಿಣವಾಗಿಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಮನೆಯ ಕಿರಿಯರು ಇವನ್ನು ಓದುವುದನ್ನು ಕಂಡು, ‘ಪಲಾಯನ’ ಎಂಬ ಒಂದೇ ಮಾತಿನಲ್ಲಿ ನಾನು ತೀರ್ಪು ಕೊಟ್ಟುಬಿಟ್ಟಿದ್ದೆ. ವಿಮರ್ಶೆ ಓದಿ ಬೆಳೆದವರಿಗೆ ಈ ಪದ ಬಹಳ ಅನುಕೂಲದ್ದು. ಪುಸ್ತಕವನ್ನು ತೆರೆಯುವ ಶ್ರಮವನ್ನು ಅದು ಉಳಿಸುತ್ತದೆ. ‘ನೀವು ಒಂದನ್ನಾದರೂ ಓದಿ ಬೈಯಿರಿ’ ಎಂದು ಅವರು ಹೇಳಿದ ಮೇಲೆ ನಾಚಿಕೆಯಿಂದ ಓದತೊಡಗಿದೆ. ಓದುವಾಗ ಒಂದು ಪ್ರಶ್ನೆಯನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡೆ: ಏನು ಬೇಕಾದರೂ ಕೇಳಬಹುದೆಂಬ ಅವಕಾಶ ಸಿಕ್ಕಾಗ ಈ ಜನ ಏನನ್ನು ಕೇಳುತ್ತಾರೆ?

ನೈತೊ ಕಿನೊಸುಕೆ ಎಂಬವರು 2016ರಲ್ಲಿ ಬರೆಯತೊಡಗಿ, ಮುಂದೆ ಮಾಂಗಾ ಆದ ಒಂದು ಕತೆಯ ಹೆಸರನ್ನು ‘ಬೇರೆ ಲೋಕದಲ್ಲಿ ನೆಮ್ಮದಿಯ ಬೇಸಾಯ’ ಎಂದು ಕನ್ನಡಿಸಬಹುದು. ಅದರ ನಾಯಕ ಜೀವ ಹಿಂಡುವ ಕಂಪನಿಯೊಂದರಲ್ಲಿ ದುಡಿದು ಆರೋಗ್ಯ ಕೆಡಿಸಿಕೊಂಡು, ಬಹುಕಾಲ ಆಸ್ಪತ್ರೆಯ ಹಾಸಿಗೆಯಲ್ಲಿದ್ದು 39ನೆಯ ವಯಸ್ಸಿನಲ್ಲಿ ಸಾಯುತ್ತಾನೆ. ದೇವರು ಪ್ರತ್ಯಕ್ಷನಾಗಿ, ಏನು ಬೇಕೆಂದು ಕೇಳುತ್ತಾನೆ. ಅವನು ಸಿಂಹಾಸನವನ್ನು ಕೇಳುವುದಿಲ್ಲ. ಕಾಯಿಲೆ ಬೀಳದ ಮೈ ಕೊಡು ಎನ್ನುತ್ತಾನೆ. ಜನ ಕಡಿಮೆ ಇರುವ ಜಾಗ ಕೊಡು ಎನ್ನುತ್ತಾನೆ. ಬೇಸಾಯ ಮಾಡಬೇಕೆಂದಿದೆ ಎನ್ನುತ್ತಾನೆ. ದೇವರು ಕೊಟ್ಟ ಸಲಕರಣೆ ಬೇಕೆಂದಾಗ ಗುದ್ದಲಿಯಾಗುತ್ತದೆ, ಬೇಕೆಂದಾಗ ಕೊಡಲಿಯಾಗುತ್ತದೆ. ಅದನ್ನು ಹಿಡಿದು ಮಾಡಿದ ಕೆಲಸದಿಂದ ದಣಿವಾಗುವುದಿಲ್ಲ.

ದುಡಿದು ಸತ್ತವನು ವರವಾಗಿ ಬೇಡಿದ್ದು ಮತ್ತೆ ದುಡಿಮೆಯನ್ನೇ! ಇಲ್ಲಿ ನನ್ನ ‘ಪಲಾಯನ’ದ ತೀರ್ಪು ಮೊದಲ ಬಾರಿಗೆ ಅಲುಗಿತು.

ಫುಸೆ ಎಂಬ ಲೇಖಕರು 2013ರಲ್ಲಿ ಆರಂಭಿಸಿದ, 2015ರಿಂದ ಕವಾಕಾಮಿ ತಾಯ್ಕಿ ಅವರು ಮಾಂಗಾ ಆಗಿ ಚಿತ್ರಿಸುತ್ತ ಬಂದ ಕತೆ ಇದಕ್ಕಿಂತ ಹೆಚ್ಚು ಪ್ರಸಿದ್ಧ. ದೊಡ್ಡ ಕಟ್ಟಡ ಕಂಪನಿಯೊಂದರ ನೌಕರ, 37 ವರ್ಷದ ಅವಿವಾಹಿತ ಮಿಕಾಮಿ ಸತೊರು, ಚೂರಿ ಹಿಡಿದು ಓಡಿಬಂದವನಿಂದ ತನ್ನ ಕಿರಿಯ ಸಹೋದ್ಯೋಗಿಯನ್ನು ಉಳಿಸಲು ಹೋಗಿ ತಾನು ಇರಿತಕ್ಕೆ ಗುರಿಯಾಗುತ್ತಾನೆ. ಪ್ರಾಣ ಹೋಗುವ ಹೊತ್ತಿನಲ್ಲಿ, ತನ್ನ ಕಂಪ್ಯೂಟರಿನಲ್ಲಿರುವುದನ್ನು ಯಾರ ಕಣ್ಣಿಗೂ ಬೀಳದಂತೆ ನಾಶಮಾಡಿಬಿಡು ಎಂದು ಆ ಕಿರಿಯನನ್ನು ಬೇಡಿಕೊಳ್ಳುತ್ತಾನೆ. ಓದುಗ ನಗುತ್ತಾನೆ, ಒಬ್ಬಂಟಿಯ ಬಾಳೆಂದರೆ ಇಷ್ಟೇ ಎಂದು ಮರುಕವೂ ಆಗುತ್ತದೆ. ಅವನು ಸಾಯುತ್ತ ಅಂದುಕೊಂಡ ಒಂದೊಂದು ಮಾತನ್ನೂ ಕಾಣದ ದನಿಯೊಂದು ವರವಾಗಿ ಬದಲಿಸುತ್ತದೆ. ಬೆನ್ನು ಸುಡುತ್ತಿದೆ ಎಂದರೆ ಉರಿಯನ್ನು ತಡೆಯುವ ಶಕ್ತಿ. ಚಳಿಯಾಗುತ್ತಿದೆ ಎಂದರೆ ಶೀತವನ್ನು ತಡೆಯುವ ಶಕ್ತಿ. ಹೀಗೆ ವರಗಳನ್ನೆಲ್ಲ ಹೊತ್ತು ಅವನು ಹುಟ್ಟುವುದಾದರೂ ಏನಾಗಿ? ಗುಹೆಯೊಂದರಲ್ಲಿ ‘ಸ್ಲೈಮ್’ ಎಂಬ ಲೋಳೆಯ ಮುದ್ದೆಯಾಗಿ. ಮೊದಲು ಅವನಿಗೆ ಎದುರಾಗುವುದು ಮುನ್ನೂರು ವರ್ಷದಿಂದ ಅಲ್ಲಿ ಬಂಧಿಯಾಗಿ, ಮಾತನಾಡಲು ಯಾರೂ ಇಲ್ಲದೆ ಬೇಸತ್ತ ಒಂದು ಘಟಸರ್ಪ. ಲೋಳೆಯ ಮುದ್ದೆ ಅದರ ಸ್ನೇಹ ಬಯಸುತ್ತದೆ; ಇಬ್ಬರೂ ಒಬ್ಬರಿಗೊಬ್ಬರು ಹೆಸರಿಟ್ಟುಕೊಳ್ಳುತ್ತಾರೆ. ಮುಂದೆ ಅವನು ಮಾಡುವ ದೊಡ್ಡ ಕೆಲಸವೆಂದರೆ ಊರು ಕಟ್ಟುವುದು. ರಸ್ತೆ, ಮನೆ, ಸ್ನಾನಗೃಹ; ಬಗೆಬಗೆಯ ಜೀವಿಗಳು ಜೊತೆಯಾಗಿ ಬಾಳಲು ಒಂದು ನಾಡು. ಕಟ್ಟಡ ಕಂಪನಿಯ ನೌಕರ ಅಲ್ಲಿಯೂ ಕಟ್ಟುತ್ತಿದ್ದಾನೆ; ಈಗ ಕಟ್ಟಿದ್ದು ತನ್ನದು, ತನ್ನವರದು.

ಮೊರಿತಾ ಕಿಸೆತ್ಸು ಅವರ ಇನ್ನೊಂದು ಕತೆಯಲ್ಲಿ ಅತಿದುಡಿಮೆಯಿಂದ ಸತ್ತ 27 ವರ್ಷದ ಅಜುಸಾ ಎಂಬ ಹೆಣ್ಣು, ಅವಸರವಿಲ್ಲದ ಬಾಳನ್ನು ಬೇಡಿ, ಸಾವಿಲ್ಲದ ಮಾಟಗಾತಿಯಾಗಿ ಹುಟ್ಟುತ್ತಾಳೆ. ಗುಡ್ಡದ ಮನೆಯಲ್ಲಿದ್ದುಕೊಂಡು ದಿನಕ್ಕೆ ಸುಮಾರು ಇಪ್ಪತ್ತೈದರಂತೆ ಕ್ಷುದ್ರ ಜೀವಿಗಳನ್ನು ಕೊಂದು ಹೊಟ್ಟೆ ಹೊರೆಯುತ್ತಾಳೆ. ಮುನ್ನೂರು ವರ್ಷ ಕಳೆದಮೇಲೆ ನೋಡಿದರೆ ಲೋಕದಲ್ಲೇ ಅವಳಷ್ಟು ಬಲಶಾಲಿ ಇನ್ನಿಲ್ಲ!

ಈ ಬೇಡಿಕೆಗಳನ್ನು ಸಾಲಾಗಿ ಇಟ್ಟು ನೋಡಿದಾಗ, ಅವು ಎಷ್ಟು ಚಿಕ್ಕವು ಎಂಬುದೇ ನನಗೆ ಆಶ್ಚರ್ಯವೆನಿಸಿತು. ರೋಗವಿಲ್ಲದ ಮೈ, ತುಸು ಬಿಡುವು, ಒಬ್ಬ ಗೆಳೆಯ, ಫಲ ಕಣ್ಣಿಗೆ ಕಾಣುವ ಕೆಲಸ. ಇಷ್ಟನ್ನು ಪಡೆಯಲು ಮನುಷ್ಯ ಸತ್ತು ಬೇರೆ ಲೋಕದಲ್ಲಿ ಹುಟ್ಟಬೇಕೆಂದು ಒಂದು ನಾಡಿನ ಕತೆಗಾರರಿಗೆ ಏಕೆ ಅನ್ನಿಸಿತು?

ಉತ್ತರಕ್ಕೆ ಜಪಾನಿನ ಈಚಿನ ಚರಿತ್ರೆಯನ್ನು ನೋಡಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿನ ಆರ್ಥಿಕ ಉಬ್ಬರ ಒಡೆದುಹೋಯಿತು. ಸುಮಾರು 1993ರಿಂದ 2004ರ ವರೆಗೆ ಓದು ಮುಗಿಸಿ ಹೊರಬಂದ ತರುಣರಿಗೆ ಭದ್ರವಾದ ಕೆಲಸ ದುರ್ಲಭವಾಯಿತು. ಆ ಕಾಲವನ್ನು ಅಲ್ಲಿ ‘ಉದ್ಯೋಗದ ಹಿಮಯುಗ’ ಎಂದೇ ಕರೆಯುತ್ತಾರೆ. ಕೆಲಸ ಸಿಕ್ಕವರಲ್ಲಿ ಎಷ್ಟೋ ಮಂದಿ ಹಗಲಿರುಳು ದುಡಿಯಬೇಕಾಯಿತು. ಅತಿದುಡಿಮೆಯ ಸಾವಿಗೆ ಜಪಾನೀ ಭಾಷೆಯಲ್ಲಿ ‘ಕರೋಶಿ’ ಎಂಬ ಪದವೇ ಇದೆ. ಅದನ್ನು ತಡೆಯಲೆಂದು 2014ರಲ್ಲಿ ಕಾನೂನು ಮಾಡಬೇಕಾಯಿತು. ಇನ್ನು ಕೆಲವರು ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಬರುವುದನ್ನೇ ಬಿಟ್ಟರು. ಮನೋವೈದ್ಯ ಸೈತೊ ತಮಾಕಿ ಅವರ 1998ರ ಪುಸ್ತಕದಿಂದ ಇಂಥವರನ್ನು ಸೂಚಿಸುವ ‘ಹಿಕಿಕೊಮೊರಿ’ ಎಂಬ ಮಾತು ಮನೆಮಾತಾಯಿತು. ಕತೆ ಬರೆದ ಕಾಲವನ್ನೇ ಕತೆಯ ಕಾಲವೆಂದು ಹಿಡಿದು ನಾನು ಒಂದು ಚಿಕ್ಕ ಲೆಕ್ಕ ಹಾಕಿದೆ. 2013ರಲ್ಲಿ 37 ವರ್ಷದ ಕಟ್ಟಡ ನೌಕರ, 2016ರಲ್ಲಿ 39 ವರ್ಷದ ಬೇಸಾಯಗಾರ, ಇನ್ನೇನು ಹೇಳಲಿರುವ 2012ರ ಕತೆಯೊಂದರ 34 ವರ್ಷದ ನಿರುದ್ಯೋಗಿ, ಮೂವರೂ 1970ರ ದಶಕದ ಉತ್ತರಾರ್ಧದಲ್ಲಿ ಹುಟ್ಟಿದವರಾಗುತ್ತಾರೆ. ಹಿಮಯುಗದ ನಟ್ಟನಡುವೆ ಕೆಲಸ ಹುಡುಕಬೇಕಾಗಿದ್ದವರಾಗುತ್ತಾರೆ. ಕಟ್ಟುಕತೆಯ ಪಾತ್ರಗಳಿಗೂ ಜನ್ಮಪತ್ರಿಕೆ ಇರುತ್ತದೆ!

ಆ ನಿರುದ್ಯೋಗಿಯ ಕತೆಯ ಹೆಸರು ‘ಮುಶೊಕು ತೆನ್ಸೇಯ್’. ‘ತೆನ್ಸೇಯ್’ ಎಂದರೆ ಪುನರ್ಜನ್ಮ. ಈ ಕಲ್ಪನೆ ಬೌದ್ಧಧರ್ಮದೊಡನೆ ನಮ್ಮ ದೇಶದಿಂದ ಹೊರಟು ಚೀನಾ, ಕೊರಿಯಾಗಳ ಮಾರ್ಗವಾಗಿ ಜಪಾನನ್ನು ಮುಟ್ಟಿದ್ದು. ಆದರೆ ದಾರಿಯಲ್ಲಿ ಅದರ ಅರ್ಥ ಎಷ್ಟು ತಿರುಗಿದೆ! ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಗೊತ್ತು: ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗೆ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. ಅಲ್ಲಿ ಜನ್ಮ ಎಂಬುದು ತೀರಿಸಬೇಕಾದ ಸಾಲ. ಇಸೆಕಾಯ್‌ನಲ್ಲಿ ಮುಂದಿನ ಜನ್ಮವೆಂದರೆ ಹಿಂದಿನ ಜನ್ಮದಲ್ಲಿ ಬರಬೇಕಾಗಿದ್ದ ಬಾಕಿ. ಸಾಲಗಾರ ಮನುಷ್ಯನಲ್ಲ, ಲೋಕವೇ ಅವನಿಗೆ ಸಾಲಗಾರ.

ಈ ಬಾಕಿಯ ಲೆಕ್ಕ ಅಲ್ಲಿ ಕಣ್ಣಿಗೂ ಕಾಣುತ್ತದೆ. ಇಸೆಕಾಯ್ ಮಾಂಗಾದಲ್ಲಿ ಆಗಾಗ ಗಾಳಿಯಲ್ಲಿ ತೇಲುವ ಚೌಕವೊಂದು ಮೂಡಿ, ನಾಯಕನ ಹೆಸರು, ಅವನ ಮಟ್ಟ, ಕಲಿತ ವಿದ್ಯೆಗಳು, ಎಲ್ಲವನ್ನೂ ಅಂಕಿಗಳಲ್ಲಿ ತೋರಿಸುತ್ತದೆ. 1986ರಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ನಂಥ ವಿಡಿಯೋ ಆಟಗಳಿಂದ ಬಂದ ಪದ್ಧತಿ ಇದು. ಮೊದಲು ಇದು ನನಗೆ ಬಾಲಿಶವಾಗಿ ಕಂಡಿತ್ತು. ಆಮೇಲೆ ಹೊಳೆಯಿತು: ನಮ್ಮ ಲೋಕದಲ್ಲಿ ಒಬ್ಬ ಗುಮಾಸ್ತ ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದರೆ ಆ ನಿಷ್ಠೆ ಎಲ್ಲಿಯೂ ನಮೂದಾಗುವುದಿಲ್ಲ. ಆ ಲೋಕದಲ್ಲಿ ಅಜುಸಾಳ ದಿನದಿನದ ಅಲ್ಪ ಕೆಲಸವೂ ಒಂದೂ ಬಿಡದಂತೆ ಲೆಕ್ಕಕ್ಕೆ ಬರುತ್ತದೆ. ಬಲಕ್ಕಿಂತ ಹೆಚ್ಚಾಗಿ ಈ ಜನ ಬಯಸುವುದು ನ್ಯಾಯವಾದ ಎಣಿಕೆಯನ್ನು ಎಂದು ನಾನು ತಿಳಿಯುತ್ತೇನೆ.

‘ಮುಶೊಕು ತೆನ್ಸೇಯ್’ನ ಒಂದು ಸಂದರ್ಭ ನನ್ನ ಮನಸ್ಸಿನಲ್ಲಿ ನಿಂತಿದೆ. ಶಾಲೆಯಲ್ಲಿ ಸಹಪಾಠಿಗಳಿಂದ ಅವಮಾನಪಟ್ಟು ಕೋಣೆ ಸೇರಿ, ಅಲ್ಲಿಯೇ 34 ವರ್ಷದವನಾದ ಆ ಮನುಷ್ಯ ಹೊಸ ಲೋಕದಲ್ಲಿ ಮಗುವಾಗಿ ಹುಟ್ಟುತ್ತಾನೆ. ಮಂತ್ರವಿದ್ಯೆಯಲ್ಲಿ ಅಸಾಧಾರಣ, ಆದರೆ ಮನೆಯ ಗೇಟು ದಾಟಲು ಭಯ. ಜನ್ಮ ಬದಲಾದರೂ ಭಯ ಬದಲಾಗಿಲ್ಲ. ಒಂದು ದಿನ ಅವನ ಗುರು, ರಾಕ್ಸಿ ಎಂಬ ಎಳೆಯ ಹೆಣ್ಣುಮಗಳು, ಪರೀಕ್ಷೆಗೆಂದು ಅವನನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೊರಗೆ ಕರೆದೊಯ್ಯುತ್ತಾಳೆ. ಅವನು ನಡುಗುತ್ತಾನೆ, ಕುದುರೆ ಹೆಜ್ಜೆ ಹಾಕುತ್ತದೆ, ಏನೂ ಆಗುವುದಿಲ್ಲ. ಎಷ್ಟು ದೊಡ್ಡ ಉಪಕಾರ ಮಾಡಿದೆನೆಂದು ಗುರುವಿಗೆ ತಿಳಿದೇ ಇಲ್ಲ. ಮಂತ್ರದ ಕತೆಯ ನಡುವೆ ಮಂತ್ರಕ್ಕೆ ಸಾಧ್ಯವಾಗದ್ದು ನಡೆದುಹೋಗುತ್ತದೆ.

ಹಾಗೆಂದು ನಾನು ಈ ಬಗೆಯ ಕತೆಗಳ ವಕೀಲನಾಗಲಾರೆ. ಬಯಕೆ ಈಡೇರುವಾಗ ಅದರ ಬೆಲೆಯನ್ನು ಇನ್ನೊಬ್ಬರು ತೆರುವುದುಂಟು. ಅನೆಕೊ ಯುಸಾಗಿ ಅವರ, ‘ಗುರಾಣಿಯ ವೀರ’ನ ಕತೆ ಇದಕ್ಕೆ ಉದಾಹರಣೆ. ಬೇರೆ ಲೋಕಕ್ಕೆ ಕರೆಸಲ್ಪಟ್ಟ ತರುಣನ ಮೇಲೆ ಅಲ್ಲಿನ ರಾಜಕುಮಾರಿ ಸುಳ್ಳು ಆರೋಪ ಹೊರಿಸುತ್ತಾಳೆ. ಯಾರನ್ನೂ ನಂಬಲಾರದ ಸ್ಥಿತಿಗೆ ಬಂದ ಅವನು ಗುಲಾಮರ ವ್ಯಾಪಾರಿಯಿಂದ ಎಳೆಯ ಹುಡುಗಿಯೊಬ್ಬಳನ್ನು ಕೊಂಡು ತನ್ನ ಸಹಾಯಕ್ಕೆ ಇಟ್ಟುಕೊಳ್ಳುತ್ತಾನೆ. ಅವಳು ಅವನನ್ನು ಮನಸಾರೆ ನಂಬುತ್ತಾಳೆ. ಗುಲಾಮಗಿರಿಯ ಗುರುತನ್ನು ಅಳಿಸಿದ ಮೇಲೂ ತಾನಾಗಿಯೇ ಬಯಸಿ ಮತ್ತೆ ಹಾಕಿಸಿಕೊಳ್ಳುತ್ತಾಳೆ. ಅವಳ ಬಾಯಿಂದ ಒಪ್ಪಿಗೆ ಹೇಳಿಸುವವರು ಯಾರು? ಬರೆಯುವವರು, ಓದುವವರ ಪರವಾಗಿ. ನೊಂದವನಿಗೆ ನಂಬಿಕೆಯ ಆಸರೆ ಬೇಕೆಂಬುದು ಸಹಜ. ಆದರೆ ಬಿಟ್ಟುಹೋಗುವ ಸ್ವಾತಂತ್ರ್ಯ ಇಲ್ಲದವರಿಂದ ಪಡೆದದ್ದು ನಂಬಿಕೆಯಾಗುವುದಿಲ್ಲ. ಇಂಥ ಎಷ್ಟೋ ಕತೆಗಳಲ್ಲಿ ಆ ಲೋಕದ ಜನಕ್ಕೆ ತಮ್ಮದೆಂಬ ಬಯಕೆಯೇ ಇರುವುದಿಲ್ಲ. ಬಂದವನನ್ನು ಹೊಗಳುವುದಕ್ಕೆಂದೇ ಅವರು ಹುಟ್ಟಿದಂತಿರುತ್ತದೆ. ಹಿಂದೆ ತನ್ನನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲವೆಂದು ಅತ್ತವನು ಇಲ್ಲಿ ಇತರರನ್ನು ಲೆಕ್ಕಕ್ಕೆ ಇಡುವುದಿಲ್ಲ. ಪಲಾಯನಕ್ಕಿಂತ ದೊಡ್ಡ ದೋಷ ಇದು.

ಈ ದೋಷವನ್ನು ಮೀರಿದ ಒಂದು ಕೃತಿಯನ್ನು ಹೆಸರಿಸದೆ ಮುಗಿಸಲಾರೆ. ಮಿಯಾ ಕಜುಕಿ ಅವರು 2013ರಿಂದ 2017ರ ವರೆಗೆ ಬರೆದ, ಬಳಿಕ ಸುಜುಕಾ ಅವರು ಮಾಂಗಾಕ್ಕೆ ತಂದ ‘ಹೊನ್‌ಜುಕಿ ನೊ ಗೆಕೊಕುಜೋ’. ಪುಸ್ತಕಪ್ರೇಮಿಯೊಬ್ಬಳು ಕೆಳಗಿನಿಂದ ಮೇಲೇರಿದ ಕತೆ ಎಂದು ಅರ್ಥ ಹೇಳಬಹುದು. ಗ್ರಂಥಾಲಯದ ಕೆಲಸ ದೊರೆತ ಸಂತೋಷದಲ್ಲಿರುವಾಗಲೇ ಉರಾನೊ ಎಂಬ ತರುಣಿ ಭೂಕಂಪದಲ್ಲಿ, ತನ್ನ ಪುಸ್ತಕಗಳ ರಾಶಿಯ ಕೆಳಗೇ ಸಿಕ್ಕಿ ಸಾಯುತ್ತಾಳೆ. ಬೇರೆ ಲೋಕದಲ್ಲಿ ಕಣ್ಣು ತೆರೆದಾಗ ಅವಳು ಬಡ ಸೈನಿಕನೊಬ್ಬನ ಐದು ವರ್ಷದ ರೋಗಿಷ್ಠ ಮಗಳು, ಮೈನ್. ಮನೆಯಲ್ಲಿ ಪುಸ್ತಕವಿಲ್ಲ, ಕೇರಿಯಲ್ಲಿ ಅಕ್ಷರವಿಲ್ಲ, ಪುಸ್ತಕವೆಂಬುದು ಸಿರಿವಂತರ ಸೊತ್ತು. ಇಲ್ಲದಿದ್ದರೆ ನಾನೇ ಮಾಡುತ್ತೇನೆಂದು ಅವಳು ಹೊರಡುತ್ತಾಳೆ. ಗಿಡದ ನಾರನ್ನು ಹೆಣೆದು ನೋಡುತ್ತಾಳೆ. ಅವಳ ಬಲಕ್ಕೆ ಮೀರಿದ ಕೆಲಸವಾಗುತ್ತದೆ. ಜೇಡಿಮಣ್ಣಿನ ಹಲಗೆ ಮಾಡಿದರೆ ಒಲೆಯಲ್ಲಿ ಸಿಡಿದುಹೋಗುತ್ತದೆ. ಮರದ ಪಟ್ಟಿಗಳ ಮೇಲೆ ಬರೆದಿಟ್ಟರೆ ತಾಯಿ ಸೌದೆಯೆಂದು ಒಲೆಗೆ ಹಾಕುತ್ತಾಳೆ. ಕೊನೆಗೆ ಲುಟ್ಸ್ ಎಂಬ ನೆರೆಮನೆಯ ಹುಡುಗನ ಜೊತೆ ಮರದ ತೊಗಟೆಯನ್ನು ಬೇಯಿಸಿ, ಜಜ್ಜಿ, ನೀರಿನಲ್ಲಿ ಕದಡಿ, ಜರಡಿಯಲ್ಲಿ ಎತ್ತಿ, ಒಣಗಿಸಿ ಕಾಗದ ಮಾಡುತ್ತಾಳೆ. ಓದುವ ಅಭ್ಯಾಸವನ್ನು ಪುಣ್ಯಕ್ಕೆ ಪಡೆದುಕೊಂಡು ಬಂದ ನಮ್ಮಂಥವರು ಆ ಪುಟಗಳನ್ನು ಓದುವಾಗ ಕೈಯಲ್ಲಿರುವ ಕಾಗದವನ್ನು ಒಮ್ಮೆ ಮುಟ್ಟಿ ನೋಡದಿರಲಾರೆವು.

ಈ ಕತೆಯಲ್ಲಿ ಆ ಲೋಕದವರಿಗೂ ಬಾಯಿದೆ. ಲುಟ್ಸ್ ಒಂದು ದಿನ ಅವಳನ್ನು ಎದುರು ನಿಲ್ಲಿಸಿ ಕೇಳುತ್ತಾನೆ: ನೀನು ಯಾರು? ನಮ್ಮ ಮೈನ್ ಎಲ್ಲಿ? ಹೌದು, ಅವಳು ಬಂದು ಸೇರಿದ ಮೈ ಇನ್ನೊಂದು ಮಗುವಿನದು. ಆ ಮಗು ಜ್ವರದಲ್ಲಿ ತೀರಿಹೋಗಿತ್ತು. ಅದುವರೆಗಿನ ಕತೆಗಳಲ್ಲಿ ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಒಬ್ಬ ಹುಡುಗ ಕೇಳಿಬಿಟ್ಟ. ಮುಂದೆ ಇನ್ನೊಂದು ಸಂದರ್ಭದಲ್ಲಿ, ಮಂತ್ರದ ಬಲದಿಂದ ಅವಳ ಹಿಂದಿನ ಜನ್ಮದ ನೆನಪುಗಳು ತೆರೆದುಕೊಳ್ಳುತ್ತವೆ. ಅಲ್ಲಿ ಅವಳ ಮೊದಲ ತಾಯಿ ಇದ್ದಾಳೆ. ಕೈಕಸುಬುಗಳ ಹುಚ್ಚಿನ ತಾಯಿ. ಅವಳ ಒತ್ತಾಯಕ್ಕೆ ಬೇಸರದಿಂದ ಕಲಿತ ಕಸುಬುಗಳೇ ಈ ಲೋಕದಲ್ಲಿ ಕೈಹಿಡಿದಿವೆ. ಪುಸ್ತಕದಿಂದ ಕಣ್ಣೆತ್ತಿ ಆ ತಾಯಿಯನ್ನು ನೋಡಲಿಲ್ಲವಲ್ಲ ಎಂದು ಅವಳು ಅಳುತ್ತಾಳೆ. ಕೊನೆಗೆ ಪುಸ್ತಕಗಳ ಸಮೀಪಕ್ಕೆ ಹೋಗುವ ದಾರಿಯಲ್ಲಿ, ಈ ಲೋಕದ ತಂದೆತಾಯಿಯರನ್ನೂ ಇನ್ನು ಅಪ್ಪ ಅಮ್ಮ ಎಂದು ಕರೆಯದಂತೆ ಅವಳು ಮಾತು ಕೊಡಬೇಕಾಗುತ್ತದೆ. ವರ ದೊರೆಯುತ್ತದೆ, ಬೆಲೆಯನ್ನು ಅವಳೇ ತೆರುತ್ತಾಳೆ.

ಹೀಗೆ ನಾನು ಮತ್ತೆ ಉರಾಶಿಮಾನ ಬಳಿಗೆ ಬಂದೆ. ಸಕಲ ಸುಖದ ನಡುವೆ ಅವನಿಗೆ ತಂದೆತಾಯಿ ನೆನಪಾದರು. ಹೊಸ ನಾಯಕರಲ್ಲಿ ಹೆಚ್ಚಿನವರಿಗೆ ಯಾರೂ ನೆನಪಾಗುವುದಿಲ್ಲ. ಅದನ್ನು ಅವರ ಕೃತಘ್ನತೆ ಎನ್ನುವ ಮೊದಲು, ನೆನಪಿಟ್ಟುಕೊಳ್ಳುವಂಥದನ್ನು ನಾವು ಅವರಿಗೆ ಎಷ್ಟು ಕೊಟ್ಟಿದ್ದೆವು ಎಂದು ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಕಿರಿಯರು ರಾತ್ರಿ ಕೆಲಸ ಮುಗಿಸಿ ಬಂದು, ಊಟ ಮಾಡುತ್ತ, ಇಂಥ ಕತೆಗಳನ್ನು ಓದುವುದನ್ನು ಈಗಲೂ ನೋಡುತ್ತೇನೆ. ‘ಪಲಾಯನ’ ಎಂಬ ಮಾತನ್ನು ಈಗ ಆಡುವುದಿಲ್ಲ. ಪಕ್ಕದಲ್ಲಿ ಕುಳಿತು, ‘ಇಂದು ಏನೇನು ಕೆಲಸವಾಯಿತು?’ ಎಂದು ಕೇಳುತ್ತೇನೆ. ಮೊದಲ ದಿನ ಅವರಿಗೆ ಆಶ್ಚರ್ಯವಾಯಿತು, ಈಗ ಹೇಳುತ್ತಾರೆ.